ಐನೂರು ರೂಪಾಯಿಯ ಬಾಗಿಲು

ಲೋಕಸಭೆ ಚುನಾವಣೆಯ ನಾಮಪತ್ರದ ದಿನಗಳಲ್ಲಿ ರಾಮನಗರದ ಜಿಲ್ಲಾಧಿಕಾರಿ ಕಚೇರಿಗೆ ಎರಡು ಬಗೆಯ ಜನ ಬರುತ್ತಾರೆ. ಒಬ್ಬರ ಹಿಂದೆ ತಮಟೆ, ಡೊಳ್ಳು, ತೆರೆದ ವಾಹನ, ಕ್ರೇನಿಗೆ ತೂಗುಹಾಕಿದ ಸೇಬಿನ ಹಾರ. ಇನ್ನೊಬ್ಬರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮುದುಡದ ಹಾಗೆ ಜೋಡಿಸಿಟ್ಟ ಕಾಗದಗಳು. ಕಚೇರಿಯಿಂದ ನೂರು ಮೀಟರ್ ಆಚೆ ಪೊಲೀಸರ ಗೆರೆ ಬಂದಾಗ ತಮಟೆ ನಿಲ್ಲುತ್ತದೆ. ಅಲ್ಲಿಂದ ಒಳಗೆ ಅಭ್ಯರ್ಥಿಯೂ ಸೇರಿ ಐದೇ ಜನ. ಅಷ್ಟು ದೂರದ ಮಟ್ಟಿಗೆ ಕೋಟ್ಯಧಿಪತಿಗೂ ಕೂಲಿಯವನಿಗೂ ಒಂದೇ ನಿಯಮ.

ಪ್ಲಾಸ್ಟಿಕ್ ಕವರಿನೊಳಗೆ ಇರುವುದು ನಮೂನೆ 2ಎ ನಾಮಪತ್ರ, ನೋಟರಿಯ ಮೊಹರು ಬಿದ್ದ ನಮೂನೆ 26ರ ಪ್ರಮಾಣಪತ್ರ, ಸ್ಟ್ಯಾಂಪಿನಳತೆಯ ಫೋಟೊಗಳು, ಚುನಾವಣೆಗೆಂದೇ ತೆರೆದ ಬ್ಯಾಂಕ್ ಖಾತೆಯ ವಿವರ. ಜೊತೆಗೆ ಹತ್ತು ಜನ ಸೂಚಕರ ಹೆಸರು, ಪ್ರತಿ ಹೆಸರಿನ ಎದುರು ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಸಹಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಹತ್ತು ಬೇಕು. ಒಂದು ಕ್ರಮ ಸಂಖ್ಯೆ ತಪ್ಪಿದರೂ ಪರಿಶೀಲನೆಯ ದಿನ ಕಾಗದ ಬಿದ್ದುಹೋಗಬಹುದು. ಇಷ್ಟೆಲ್ಲದರ ಮೇಲೆ 25,000 ರೂಪಾಯಿ ಠೇವಣಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ.

2024ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ಲೆಕ್ಕ ಹಿಡಿದರೆ ಠೇವಣಿ ಎಂದರೆ 72 ದಿನದ ದುಡಿಮೆ. ಅದೇ ವರ್ಷ ರಾಮನಗರ ಸೇರಿದ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಘೋಷಿಸಿದ್ದ ಆಸ್ತಿ 593 ಕೋಟಿ. ಕೂಲಿಯವನೂ ಅವರೂ ತುಂಬಬೇಕಾದ ನಮೂನೆ ಒಂದೇ.

ಪಕ್ಷೇತರ ಎಂಬ ಮಾತಿನಲ್ಲಿ ಎರಡು ಜಾತಿಯ ಮನುಷ್ಯರು ಅಡಗಿದ್ದಾರೆ. ಪಕ್ಷ ಟಿಕೆಟ್ ಕೊಡಲಿಲ್ಲವೆಂದು ಹೊರಗೆ ಬಂದು ನಿಂತವನು ಒಬ್ಬ. ಅವನಿಗೆ ಅದು ಬಳಸುದಾರಿ, ಮುಂದೆ ಮತ್ತೆ ಹೆದ್ದಾರಿ ಸಿಗುತ್ತದೆ. ಯಾವ ಪಕ್ಷದ ಜಗಲಿಯನ್ನೂ ಹತ್ತಲಾಗದೆ, ದುಡಿಯುವ ಕೈ ಬಿಟ್ಟರೆ ಬೇರೆ ಬಂಡವಾಳವಿಲ್ಲದೆ ನಿಂತವನು ಇನ್ನೊಬ್ಬ. ಅವನಿಗೆ ಇರುವುದು ಅದೊಂದೇ ದಾರಿ. ಕಾನೂನಿನ ಪುಸ್ತಕದಲ್ಲಿ ಇಬ್ಬರಿಗೂ ಒಂದೇ ಹೆಸರು. ಚುನಾವಣೆಯ ಚರಿತ್ರೆಯಲ್ಲಿ ಇಬ್ಬರ ಪಾಡು ಬೇರೆ ಬೇರೆ. ರಾಮನಗರ, ಬಿಡದಿಯ ಸುತ್ತ ಆ ಚರಿತ್ರೆಯ ಒಂದು ಮುಖ್ಯ ತಿರುವೂ ಇದೆ.

1951ರ ಜನತಾ ಪ್ರಾತಿನಿಧ್ಯ ಕಾಯ್ದೆ ಲೋಕಸಭೆಗೆ ನಿಗದಿ ಮಾಡಿದ ಠೇವಣಿ 500 ರೂಪಾಯಿ. ಇವತ್ತಿಗೆ ಅದು ನಗು ತರಿಸುವ ಮೊತ್ತ. ಅಂದಿಗೆ ಹಾಗಿರಲಿಲ್ಲ. 1954ರಲ್ಲಿ ಸಂಸದರಿಗೆ ಕಾನೂನು ಗೊತ್ತುಮಾಡಿದ ಸಂಬಳವೇ ತಿಂಗಳಿಗೆ 400 ರೂಪಾಯಿ. ಗೆದ್ದವನ ಒಂದು ತಿಂಗಳ ಸಂಬಳಕ್ಕಿಂತ ನಿಲ್ಲುವವನ ಠೇವಣಿ ಹೆಚ್ಚಿತ್ತು. ಚಲಾಯಿತ ಮತಗಳಲ್ಲಿ ಆರನೇ ಒಂದು ಪಾಲು ಮೀರದಿದ್ದರೆ ಆ ದುಡ್ಡು ಸರ್ಕಾರಕ್ಕೆ. ‘ಡೆಪಾಸಿಟ್ ಹೋಯ್ತು’ ಎಂಬ ಮಾತು ಕನ್ನಡದ ಕಟ್ಟೆ ಹರಟೆಗೆ ಬಂದು ಸೇರಿದ್ದು ಆ ಆರನೇ ಒಂದರಿಂದ.

ಮೊದಲೆರಡು ಮಹಾಚುನಾವಣೆಗಳಲ್ಲಿ ಓಟು ಹಾಕುವ ರೀತಿಯೇ ಬೇರೆ. ಮತಗಟ್ಟೆಯ ಮರೆಯಲ್ಲಿ ಅಭ್ಯರ್ಥಿಗೊಂದರಂತೆ ಕಬ್ಬಿಣದ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತಿದ್ದವು. ಪೆಟ್ಟಿಗೆಯ ಮೇಲೆ ಅವರವರ ಗುರುತಿನ ಚೀಟಿ. ಒಂದು ರೂಪಾಯಿ ನೋಟಿನಷ್ಟಿದ್ದ ಮತಪತ್ರದ ಮೇಲೆ ಮತದಾರ ಯಾವ ಗೆರೆಯನ್ನೂ ಎಳೆಯಬೇಕಾಗಿರಲಿಲ್ಲ. ತನಗೆ ಬೇಕಾದ ಪೆಟ್ಟಿಗೆಯೊಳಗೆ ಅದನ್ನು ಇಳಿಬಿಟ್ಟರೆ ಮುಗಿಯಿತು. ಪಕ್ಷೇತರ ಎಂದರೆ ಆಗ ಕಣ್ಣಿಗೆ ಕಾಣುವ, ಕೈಗೆ ತಾಗುವ ಒಂದು ಪೆಟ್ಟಿಗೆ. ಅದು ಆಳುವ ಪಕ್ಷದ ಪೆಟ್ಟಿಗೆಯ ಪಕ್ಕದಲ್ಲೇ ಅಷ್ಟೇ ಗಾತ್ರದಲ್ಲಿ ಕೂತಿರುತ್ತಿತ್ತು. 1952ರಲ್ಲಿ ದೇಶದಾದ್ಯಂತ 37 ಪಕ್ಷೇತರರು ಲೋಕಸಭೆಗೆ ಗೆದ್ದರು, 1957ರಲ್ಲಿ 42. ಆ ಸಂಖ್ಯೆಯನ್ನು ಮುಂದೆ ಯಾವ ಚುನಾವಣೆಯೂ ಮುಟ್ಟಲಿಲ್ಲ. ಗೆದ್ದವರಲ್ಲಿ ಊರಿನ ಹೆಸರಾಂತರು, ಸಂಸ್ಥಾನದ ಮನೆತನದವರು ಇದ್ದರು. ಕೂಲಿ ಮಾಡಿ ಬದುಕುವವರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ.

1962ರಲ್ಲಿ ಹಾಸನ ಜಿಲ್ಲೆಯ ಹೊಳೆನರಸೀಪುರದಲ್ಲಿ ಕಾಂಗ್ರೆಸ್ ಟಿಕೆಟ್ ಸಿಗದ ಯುವಕನೊಬ್ಬ ವಿಧಾನಸಭೆಗೆ ಪಕ್ಷೇತರನಾಗಿ ನಿಂತು ಗೆದ್ದ. ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿ ಸಣ್ಣಪುಟ್ಟ ಗುತ್ತಿಗೆ ಕೆಲಸ ಮಾಡುತ್ತಿದ್ದ ರೈತನ ಮಗ, ಎಚ್.ಡಿ. ದೇವೇಗೌಡ. ಆ ಹೆಸರು ಈ ಕತೆಯೊಳಗೆ ಮತ್ತೆ ಬರುತ್ತದೆ.

ಐದು ವರ್ಷದ ನಂತರ, 1967ರಲ್ಲಿ, ಕನ್ನಡ ನಾಡಿನ ದುಡಿಯುವ ಜನರ ಪರವಾಗಿ ನಿಂತ ಪಕ್ಷೇತರನೊಬ್ಬ ಲೋಕಸಭೆಗೇ ಗೆದ್ದ. ಅದು ಉತ್ತರ ಕನ್ನಡದ ಕ್ಷೇತ್ರ, ಗೆದ್ದವರು ದಿನಕರ ದೇಸಾಯಿ. ಕನ್ನಡಿಗರು ಅವರನ್ನು ನೆನೆಯುವುದು ನಾಲ್ಕು ಸಾಲಿನ ಚುಟುಕಗಳಿಂದ. ಅಂಕೋಲದ ಅಲಗೇರಿಯ ಗೇಣಿದಾರರಿಗೆ, ಮುಂಬೈಯ ಹಡಗು ಕಾರ್ಮಿಕರಿಗೆ ಅವರು ಮೊದಲು ಸಂಘ ಕಟ್ಟಿದ ಮನುಷ್ಯ. ಭಾರತ ಸೇವಕ ಸಮಾಜ ಸೇರಿ ಮುಂಬೈಯಲ್ಲಿ ಕಾರ್ಮಿಕರ ನಡುವೆ ಕೆಲಸ ಮಾಡಿದರು. ಊರಿಗೆ ಬಂದು ಜಮೀನ್ದಾರರ ವಿರುದ್ಧ ರೈತರನ್ನು ಒಗ್ಗೂಡಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಕರಾವಳಿಯ ಹಳ್ಳಿಗಳಲ್ಲಿ ಶಾಲೆ ತೆರೆದರು. 1952ರಿಂದ ಆ ಕ್ಷೇತ್ರ ಕಾಂಗ್ರೆಸ್ಸಿನ ಜೋಕಿಂ ಆಳ್ವರ ಕೈಯಲ್ಲಿತ್ತು. ಅಲ್ಲಿ ದೇಸಾಯಿಯವರ ಗೆಲುವಿಗೆ ಹಿಂದಿದ್ದದ್ದು ಒಂದು ತಿಂಗಳ ಪ್ರಚಾರವಲ್ಲ, ಮೂರು ದಶಕದ ಸಂಘದ ಕೆಲಸ. ದೇಸಾಯಿ ಸ್ವತಃ ಎಂ.ಎ., ಎಲ್ಎಲ್.ಬಿ. ಓದಿದವರು, ಗೇಣಿದಾರ ತಾನೇ ನಿಂತಿರಲಿಲ್ಲ, ತನ್ನವನೆಂದು ನಂಬಿದವನನ್ನು ನಿಲ್ಲಿಸಿದ್ದ. ಅದಾದ ಮೇಲೆ ಕರ್ನಾಟಕದಿಂದ ಮತ್ತೊಬ್ಬ ಪಕ್ಷೇತರ ಲೋಕಸಭೆಗೆ ಹೋಗಲು 52 ವರ್ಷ ಬೇಕಾಯಿತು.

ಅದೇ 1967ರ ಚುನಾವಣೆಯಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ಹುಟ್ಟಿತು. ಮೊದಲ ಸಂಸದ ಮರಳವಾಡಿಯ ಎಂ.ವಿ. ರಾಜಶೇಖರನ್, ಆಗಿನ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಅಳಿಯ. 1971ರಲ್ಲಿ ಸಿ.ಕೆ. ಜಾಫರ್ ಷರೀಫ್, ಆಮೇಲೆ ಹಲವು ಅವಧಿಗೆ ಎಂ.ವಿ. ಚಂದ್ರಶೇಖರಮೂರ್ತಿ, 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ, 2002ರ ಉಪಚುನಾವಣೆಯಲ್ಲಿ ಸ್ವತಃ ದೇವೇಗೌಡ, 2004ರಲ್ಲಿ ಅವರನ್ನೇ ಸೋಲಿಸಿದ ಪತ್ರಕರ್ತೆ ತೇಜಸ್ವಿನಿ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೆಸರು ಬೆಂಗಳೂರು ಗ್ರಾಮಾಂತರವೆಂದು ಬದಲಾಯಿತು. 2009ರಲ್ಲಿ ಮತ್ತೆ ಕುಮಾರಸ್ವಾಮಿ, 2013ರಿಂದ ಡಿ.ಕೆ. ಸುರೇಶ್, 2024ರಲ್ಲಿ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್, ದೇವೇಗೌಡರ ಅಳಿಯ. ಮುಖ್ಯಮಂತ್ರಿಯ ಅಳಿಯನಿಂದ ಮಾಜಿ ಪ್ರಧಾನಿಯ ಅಳಿಯನವರೆಗಿನ ಈ ಸಾಲಿನಲ್ಲಿ ಮಗ್ಗದ ಮುಂದೆ, ರಾಟೆಯ ಮುಂದೆ, ಯಂತ್ರದ ಮುಂದೆ ನಿಂತು ದುಡಿದು ಬಂದವರು ಯಾರೂ ಇಲ್ಲ.

ಹಾಗೆಂದು ಈ ನೆಲದಲ್ಲಿ ದುಡಿಯುವವರಿಗೇನೂ ಬರವಿಲ್ಲ. ರಾಮನಗರದ್ದು ಏಷ್ಯಾದಲ್ಲೇ ದೊಡ್ಡದೆನಿಸಿಕೊಂಡ ರೇಷ್ಮೆ ಗೂಡಿನ ಮಾರುಕಟ್ಟೆ. ಅಲ್ಲಿ ಹರಾಜಾದ ಗೂಡು ಸಂಜೆಯೊಳಗೆ ಊರಿನ ಸಂದಿಗೊಂದಿಯ ನೂಲು ಬಿಚ್ಚುವ ಘಟಕಗಳಿಗೆ ಹೋಗುತ್ತದೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಕಣ್ಣಿಗೆ ಕಾಣದಂಥ ಎಳೆಯನ್ನು ಬೆರಳ ತುದಿಯಲ್ಲಿ ಹುಡುಕಿ ರಾಟೆಗೆ ಕೊಡುವ ಹೆಂಗಸರ ಕೈ ಸದಾ ಒದ್ದೆ, ಬೆರಳ ತುದಿ ಸದಾ ಬೆಳ್ಳಗೆ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ತಿರುಗಿಸಿ, ಅರಗಿನ ಬಣ್ಣ ಒತ್ತಿ ಬೊಂಬೆ ಮಾಡುವವರು. ಕನಕಪುರದ ಕಡೆ ಕಲ್ಲು ಒಡೆಯುವವರು. ಬೆಂಗಳೂರು–ಮೈಸೂರು ರೈಲು ದಾರಿಯ ಬಿಡದಿ ಬಹುಕಾಲ ತಟ್ಟೆ ಇಡ್ಲಿಯ ಊರು. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ ಇಲ್ಲಿ ನೆಲೆಯೂರಿ, ಎರಡು ವರ್ಷಕ್ಕೆ ಕಾರು ತಯಾರಾಗತೊಡಗಿದ ಮೇಲೆ ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳ ನಡುವೆ ಶಿಫ್ಟ್ ಬಸ್ಸುಗಳ ಕಾಲ ಶುರುವಾಯಿತು.

ರೇಷ್ಮೆಯ ಕೆಲಸ ಮನೆ ಮನೆಯಲ್ಲಿ ಹಂಚಿಹೋದದ್ದು; ಒಂದು ಘಟಕದಲ್ಲಿ ಹತ್ತಿಪ್ಪತ್ತು ಜನ. ಅವರು ಸಂಘ ಕಟ್ಟುವುದು ಕಷ್ಟ. ಕಾರ್ಖಾನೆಯಲ್ಲಿ ಸಂಘ ಕಟ್ಟುವುದು ಸುಲಭವಾದರೂ ಇನ್ನೊಂದು ತೊಡಕಿದೆ. ಗುತ್ತಿಗೆ ಕೆಲಸಕ್ಕೆ ಬರುವ ಹುಡುಗರಲ್ಲಿ ಬಹಳ ಮಂದಿ ಉತ್ತರ ಕರ್ನಾಟಕದವರು, ಹೊರರಾಜ್ಯದವರು. ಲೋಕಸಭೆಗೆ ನಿಲ್ಲಲು ದೇಶದ ಯಾವುದೇ ಕ್ಷೇತ್ರದ ಮತದಾರನಾಗಿದ್ದರೆ ಸಾಕು, ವಯಸ್ಸು 25 ತುಂಬಿರಬೇಕು. ಆದರೆ ಸೂಚಕರು ಮಾತ್ರ ಇದೇ ಕ್ಷೇತ್ರದ ಮತದಾರರಾಗಿರಬೇಕು. ಬಿಡದಿಯ ಬಾಡಿಗೆ ಕೋಣೆಯಲ್ಲಿ ಒಟ್ಟಿಗೆ ಮಲಗುವ ಆರು ಜನರಲ್ಲಿ ಒಬ್ಬ ಅಭ್ಯರ್ಥಿಯಾಗಬಹುದು. ಉಳಿದ ಐವರ ಹೆಸರು ತಂತಮ್ಮ ಊರಿನ ಪಟ್ಟಿಯಲ್ಲಿದ್ದರೆ ಅವರು ಅವನಿಗಾಗಿ ಸಹಿ ಹಾಕುವಂತಿಲ್ಲ.

ಗೆಲ್ಲುವ ಆಸೆಯಿಂದಲ್ಲ, ನಿಲ್ಲುವ ಹಟದಿಂದ ನಾಮಪತ್ರ ಹಾಕಿದವರ ಒಂದು ಪರಂಪರೆಯೇ ಇದೆ. ಕರ್ನಾಟಕದಲ್ಲಿ ಆ ಪರಂಪರೆಯ ದೊಡ್ಡ ಹೆಸರು ಹೊಟ್ಟೆ ಪಕ್ಷದ ರಂಗಸ್ವಾಮಿ. 86 ಚುನಾವಣೆಗಳಲ್ಲಿ ನಿಂತು, ಎಲ್ಲದರಲ್ಲೂ ಸೋತು, ಗಿನ್ನೆಸ್ ದಾಖಲೆಯ ಪುಸ್ತಕ ಸೇರಿದರು. ಎಡ, ಬಲ, ಮಧ್ಯ ಎಂದು ಪಕ್ಷಗಳು ಹಂಚಿಕೊಂಡಿದ್ದ ಕಾಲದಲ್ಲಿ ಅವರು ತಮ್ಮ ಹೆಸರಿಗೇ ಹೊಟ್ಟೆಯನ್ನು ಕಟ್ಟಿಕೊಂಡರು. 2007ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ನಗುನಗುತ್ತಲೇ ಬರೆದವು, ಆದರೂ ಬರೆದವು.

ಕನಕಪುರದ ಸಂಗಮ, ಮೇಕೆದಾಟುಗಳನ್ನು ದಾಟಿ ಇಳಿದ ಕಾವೇರಿ ಹೋಗಿ ನಿಲ್ಲುವ ಊರು ತಮಿಳುನಾಡಿನ ಮೆಟ್ಟೂರು. ಅಲ್ಲಿ ಟೈರ್ ರಿಪೇರಿ ಅಂಗಡಿ ನಡೆಸುವ ಕೆ. ಪದ್ಮರಾಜನ್ 1988ರಿಂದ 230ಕ್ಕೂ ಹೆಚ್ಚು ಚುನಾವಣೆಗಳಲ್ಲಿ ನಿಂತಿದ್ದಾರೆ. ಪ್ರಧಾನಿಗಳ ಎದುರಿಗೂ ನಿಂತದ್ದುಂಟು. ಅವರಿಗೆ ಸಿಕ್ಕ ಅತಿ ಹೆಚ್ಚು ಓಟು 2011ರಲ್ಲಿ ಮೆಟ್ಟೂರಿನಲ್ಲೇ, 6,273. ಪಂಚರ್ ಹಾಕುವವನಿಗೂ ಚುನಾವಣೆಗೆ ನಿಲ್ಲಲು ಬರುತ್ತದೆ ಎಂದು ತೋರಿಸುವುದಕ್ಕೇ ನಿಂತೆ ಎಂಬ ಅರ್ಥದ ಮಾತನ್ನು ಅವರು ಸಂದರ್ಶನಗಳಲ್ಲಿ ಹೇಳುತ್ತಲೇ ಬಂದಿದ್ದಾರೆ.

ಇಂಥವರನ್ನು ಊರು ನೋಡುವ ರೀತಿಯಲ್ಲಿ ನಗುವಿನ ಜೊತೆಗೆ ಒಂದು ಗುಮಾನಿಯೂ ಇರುತ್ತದೆ. ‘ಯಾರು ದುಡ್ಡು ಕೊಟ್ರು?’ ಎನ್ನುವುದು ಮೊದಲ ಪ್ರಶ್ನೆ. ಓಟು ಒಡೆಯಲು ನಿಲ್ಲಿಸಿದ ಡಮ್ಮಿಯೋ, ಕೊನೆಯ ದಿನ ವಿತ್‌ಡ್ರಾ ಮಾಡಿ ಕಾಸು ಎಣಿಸುವವನೋ ಎಂಬ ಅನುಮಾನ. ಗುಮಾನಿಗೆ ಆಧಾರವಿಲ್ಲದಿಲ್ಲ. 2019ರಲ್ಲಿ ಪಕ್ಕದ ಮಂಡ್ಯದಲ್ಲಿ ಸುಮಲತಾ ಅಂಬರೀಷ್ ಪಕ್ಷೇತರರಾಗಿ ನಿಂತಾಗ ಅದೇ ಹೆಸರಿನ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ನಿಜವಾದ ಹಟದಿಂದ ನಿಂತ ದುಡಿಮೆಗಾರನೂ ಇದೇ ಗುಮಾನಿಯ ಬುಟ್ಟಿಗೆ ಬೀಳುತ್ತಾನೆ.

ಪಕ್ಷೇತರತನವನ್ನು ಗೆಲುವಿಗಲ್ಲದೆ ದೂರು ಹೇಳುವ ದಾರಿಯಾಗಿ ಬಳಸಿದ ಉದಾಹರಣೆಗಳು ಗಡಿಗಳಲ್ಲಿ ಹೆಚ್ಚು. 1957ರಲ್ಲಿ, ಕೇರಳಕ್ಕೆ ಸೇರಿಹೋದ ಮಂಜೇಶ್ವರದಿಂದ ಕನ್ನಡಿಗರ ಪರವಾಗಿ ಎಂ. ಉಮೇಶ್ ರಾವ್ ಪಕ್ಷೇತರರಾಗಿ ವಿಧಾನಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಒಂದು ಗಡಿಯಲ್ಲಿ ಕನ್ನಡಿಗರು ಒಬ್ಬನನ್ನೇ ನಿಲ್ಲಿಸಿ ದೂರು ಹೇಳಿದರೆ, ಇನ್ನೊಂದು ಗಡಿಯಲ್ಲಿ ಮರಾಠಿಗರು ನೂರಾರು ಜನರನ್ನು ನಿಲ್ಲಿಸಿ ಹೇಳಿದರು. 1996ರ ಲೋಕಸಭೆ ಚುನಾವಣೆಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕರೆಯ ಮೇಲೆ ಬೆಳಗಾವಿ ಕ್ಷೇತ್ರದ ಕಣದಲ್ಲಿ ಉಳಿದವರು 456 ಮಂದಿ. ಮತಪತ್ರ ಹಾಳೆಯಾಗಿ ಉಳಿಯದೆ ಪುಸ್ತಕವಾಯಿತು. ಅದೇ ಚುನಾವಣೆಯಲ್ಲಿ ಫ್ಲೋರೈಡ್ ನೀರು ಕುಡಿದು ಕೈಕಾಲು ಸೊಟ್ಟಗಾದ ಜನರ ಜಿಲ್ಲೆ ನಲ್ಗೊಂಡದಲ್ಲಿ 480 ಅಭ್ಯರ್ಥಿಗಳು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರು ಸೇರಿ 1,033. ಅರ್ಜಿ ಕೊಟ್ಟು, ಧರಣಿ ಕೂತು ಸಾಕಾದವರು ಠೇವಣಿಯ ರಸೀದಿಯನ್ನೇ ಅರ್ಜಿ ಮಾಡಿಕೊಂಡರು. 1952ರಲ್ಲಿ ಭಾರವಾಗಿದ್ದ 500 ರೂಪಾಯಿ ಬೆಲೆಯೇರಿಕೆಯಲ್ಲಿ ಕರಗಿ ಕರಗಿ, ಊರಿನವರು ಚಂದಾ ಎತ್ತಿ ನೂರಾರು ಜನರಿಗೆ ಕಟ್ಟಬಹುದಾದಷ್ಟು ಹಗುರವಾಗಿತ್ತು. ಬಾಗಿಲು ತಾನಾಗಿಯೇ ಅಗಲಗೊಂಡಿತ್ತು.

ಆ ವರ್ಷ ದೇಶದ ಲೋಕಸಭಾ ಕಣದಲ್ಲಿದ್ದವರು 13,952. ಅವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಪಕ್ಷೇತರರು. ಗೆದ್ದವರು 9.

ಫಲಿತಾಂಶ ಬಂದು, ಹದಿಮೂರು ದಿನದ ವಾಜಪೇಯಿ ಸರ್ಕಾರ ಬಿದ್ದು, 1996ರ ಜೂನ್ 1ರಂದು ಪ್ರಧಾನಿಯಾದವರು ರಾಮನಗರದ ಶಾಸಕ ದೇವೇಗೌಡ. 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದವರು, ಅದಕ್ಕೂ 32 ವರ್ಷ ಹಿಂದೆ ಪಕ್ಷೇತರರಾಗಿ ರಾಜಕಾರಣದ ಮೆಟ್ಟಿಲು ಹತ್ತಿದವರು. ಅವರು ಪ್ರಧಾನಿಯಾದ ಎರಡೇ ತಿಂಗಳಿಗೆ, ಆಗಸ್ಟ್ 1ರಂದು, ಜನತಾ ಪ್ರಾತಿನಿಧ್ಯ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಲೋಕಸಭೆಯ ಠೇವಣಿ 500ರಿಂದ 10,000ಕ್ಕೆ ಏರಿತು, ಒಂದೇ ಏಟಿಗೆ ಇಪ್ಪತ್ತು ಪಟ್ಟು. ಪಕ್ಷೇತರನಿಗೆ ಹತ್ತು ಸೂಚಕರು ಬೇಕೆಂಬ ನಿಯಮ ಬಂದದ್ದೂ ಆಗಲೇ. ಪ್ರಚಾರಕ್ಕಿದ್ದ ಕನಿಷ್ಠ ಅವಧಿ 20 ದಿನದಿಂದ 14ಕ್ಕೆ ಇಳಿಯಿತು. ದೊಡ್ಡ ಪಕ್ಷದ ಗುರುತು ಮನೆಮನೆಗೂ ಮೊದಲೇ ಗೊತ್ತಿರುತ್ತದೆ. ಹೊಸ ಗುರುತು ಹಿಡಿದು ಸೈಕಲ್ಲಿನಲ್ಲಿ ಊರೂರು ಸುತ್ತುವವನಿಗೆ ಆರು ದಿನವೆಂದರೆ ಅರ್ಧ ತಾಲ್ಲೂಕು.

ಇದನ್ನು ಒಬ್ಬ ಪ್ರಧಾನಿಯ ಲೆಕ್ಕಕ್ಕೆ ಬರೆಯುವುದು ತಪ್ಪಾದೀತು. ಅದಕ್ಕೆ ಮುಂಚೆಯೇ 1990ರ ದಿನೇಶ್ ಗೋಸ್ವಾಮಿ ಸಮಿತಿ ಚುನಾವಣಾ ಸುಧಾರಣೆಗಳ ಪಟ್ಟಿ ಕೊಟ್ಟಿತ್ತು. ಪುಸ್ತಕದ ಗಾತ್ರದ ಮತಪತ್ರ ಹಿಡಿದುಕೊಂಡು ನಿಂತ ಮತದಾರನ ಕಷ್ಟವೂ ಸುಳ್ಳಲ್ಲ. ಕಾನೂನು ಹಿಡಿಯಲು ಹೊರಟದ್ದು ‘ಗಂಭೀರವಲ್ಲದ’ ಅಭ್ಯರ್ಥಿಗಳನ್ನು. ಆದರೆ ಗಾಂಭೀರ್ಯವನ್ನು ಅಳೆಯಲು ಅದು ಆರಿಸಿಕೊಂಡ ಮಾಪನ ದುಡ್ಡು. ಟಿಕೆಟ್ ತಪ್ಪಿದ ಬಂಡಾಯಗಾರನಿಗೆ 10,000 ರೂಪಾಯಿ ಯಾವ ಲೆಕ್ಕ? 1999ರ ವಿಧಾನಸಭೆ ಚುನಾವಣೆಯಲ್ಲಿ ಇದೇ ಚನ್ನಪಟ್ಟಣದಲ್ಲಿ ಸಿ.ಪಿ. ಯೋಗೇಶ್ವರ್ ಪಕ್ಷೇತರರಾಗಿ ನಿಂತು ಗೆದ್ದರು. ಬಳಸುದಾರಿಯ ಪಕ್ಷೇತರನನ್ನು ಹೊಸ ಕಾನೂನು ತಡೆಯಲಿಲ್ಲ.

1998ರಲ್ಲಿ ಲೋಕಸಭೆಗೆ ನಿಂತ ಒಟ್ಟು ಅಭ್ಯರ್ಥಿಗಳು 4,750ಕ್ಕೆ ಇಳಿದರು. ಪಕ್ಷೇತರರು 1,915. ಗೆದ್ದವರು 6. ನಿಲ್ಲುವ ಪಕ್ಷೇತರರ ಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿದರೂ ಗೆಲ್ಲುವವರ ಸಂಖ್ಯೆ ಹೆಚ್ಚು ಕದಲಲಿಲ್ಲ. ಗೆಲ್ಲುವ ತಾಕತ್ತಿದ್ದವರು ಹೇಗೂ ನಿಂತರು, ದೂರು ಹೇಳಲು ನಿಲ್ಲುತ್ತಿದ್ದವರು ಮನೆಗೆ ಹೋದರು.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲೂ ಇತ್ತು. ಕಾಯ್ದೆಗೆ 135ಬಿ ಎಂಬ ಹೊಸ ಕಲಂ ಸೇರಿತು: ಮತದಾನದ ದಿನ ಪ್ರತಿ ಕಾರ್ಖಾನೆ, ಅಂಗಡಿ, ಸಂಸ್ಥೆ ತನ್ನ ಮತದಾರ ನೌಕರರಿಗೆ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವನಿಗೂ ಅಂದಿನ ಕೂಲಿ ಸಿಗಬೇಕು. ಓಟು ಹಾಕುವ ಕೆಲಸಗಾರನಿಗೆ ಒಂದು ದಿನದ ಸಂಬಳ ಉಳಿಸಿಕೊಟ್ಟ ಕಾಗದವೇ ಓಟು ಕೇಳುವ ಕೆಲಸಗಾರನ ಖರ್ಚನ್ನು ಇಪ್ಪತ್ತು ಪಟ್ಟು ಏರಿಸಿತ್ತು.

ಆಮೇಲೆ ಠೇವಣಿ ಮತ್ತೆ ಏರಿತು. 2009ರ ತಿದ್ದುಪಡಿಯಿಂದ ಅದು 25,000 ಆಯಿತು. 1999ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಕಾನೂನು ಆಯೋಗ ಪಕ್ಷೇತರರು ನಿಲ್ಲುವುದನ್ನೇ ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ಸಂಸತ್ತು ಅಲ್ಲಿಯವರೆಗೆ ಹೋಗಲಿಲ್ಲ. ಜನರೂ ಸುಮ್ಮನಿರಲಿಲ್ಲ. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನ ಅರಿಸಿನ, ಜೋಳದ ರೈತರು ಒಬ್ಬೊಬ್ಬರು 25,000 ಕಟ್ಟಿ ನಾಮಪತ್ರ ಹಾಕಿ ಅಭ್ಯರ್ಥಿಗಳ ಸಂಖ್ಯೆಯನ್ನು 185ಕ್ಕೆ ಒಯ್ದರು. ಒಂದು ಮತಯಂತ್ರದಲ್ಲಿ ನೋಟಾ ಸೇರಿ 16 ಗುಂಡಿ. ಅಲ್ಲಿ ಮತಗಟ್ಟೆಗೆ ಹನ್ನೆರಡು ಯಂತ್ರ ಜೋಡಿಸಬೇಕಾಯಿತು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯ ಮಗಳು ಆ ಚುನಾವಣೆಯಲ್ಲಿ ಸೋತರು. 2023ರ ವಿಧಾನಸಭೆ ಚುನಾವಣೆಯಲ್ಲಿ ಯಾದಗಿರಿಯ ಪಕ್ಷೇತರ ಯುವಕನೊಬ್ಬ ಹಳ್ಳಿಗಳಲ್ಲಿ ಜನರಿಂದ ಕೂಡಿಸಿದ ಒಂದೊಂದು ರೂಪಾಯಿ ನಾಣ್ಯಗಳಲ್ಲೇ ಹತ್ತು ಸಾವಿರದ ಠೇವಣಿ ತಂದು ಮೇಜಿನ ಮೇಲೆ ಸುರಿದ. ಚುನಾವಣಾ ಸಿಬ್ಬಂದಿ ಕೂತು ಎಣಿಸಿದರು. ಕಾನೂನಿಗೆ ಬೇಕಾದದ್ದು ಮೊತ್ತ, ನೋಟಲ್ಲ.

ಅದೇ 2019ರಲ್ಲಿ ಮಂಡ್ಯದ ಸುಮಲತಾ, ಕಹಳೆ ಊದುವ ರೈತನ ಗುರುತಿನ ಮೇಲೆ, 1,25,876 ಓಟಿನ ಅಂತರದಿಂದ ಗೆದ್ದರು. ದಿನಕರ ದೇಸಾಯಿಯವರ ನಂತರದ 52 ವರ್ಷದ ಬರ ಮುಗಿದದ್ದು ಹೀಗೆ. ಅವರ ಹಿಂದೆ ಪತಿ ಅಂಬರೀಷ್ ಅವರ ಹೆಸರಿತ್ತು, ಸಿನಿಮಾ ನಟರ ಪ್ರಚಾರವಿತ್ತು, ಬಿಜೆಪಿಯ ಬೆಂಬಲವಿತ್ತು. ಬಿಡದಿಯಿಂದ ಮಂಡ್ಯಕ್ಕೆ ರೈಲಿನಲ್ಲಿ ಹೋಗುವುದು ಎಷ್ಟು ಹತ್ತಿರವೋ, ಆ ಗೆಲುವಿಗೂ ಬಿಡದಿಯ ಕೆಲಸಗಾರನಿಗೂ ನಡುವೆ ಅಷ್ಟೇ ದೂರ.

ಬಿಡದಿಯ ಕೆಲಸಗಾರರ ದೂರು ಮತ್ತು ಲೋಕಸಭೆಯ ಚುನಾವಣೆ ಒಂದೇ ವಾರ ಎದುರುಬದುರಾದದ್ದು 2014ರಲ್ಲಿ. ವೇತನ ಮಾತುಕತೆ ಫಲಿಸದೆ ಮಾರ್ಚ್ 16ರಂದು ಟೊಯೊಟಾ ಕಿರ್ಲೋಸ್ಕರ್ ಆಡಳಿತ ತನ್ನ ಎರಡೂ ಘಟಕಗಳಿಗೆ ಬೀಗಮುದ್ರೆ ಘೋಷಿಸಿತು. ಮೂರು ದಿನಕ್ಕೆ ನಾಮಪತ್ರ ಸಲ್ಲಿಕೆ ಶುರು. ಮಾರ್ಚ್ 24ಕ್ಕೆ ಬೀಗಮುದ್ರೆ ತೆರವಾದರೂ, ಒಳಗೆ ಬರುವವರು ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಬೇಕೆಂಬ ಷರತ್ತಿನ ಮೇಲೆ ಜಗಳ ಮುಂದುವರಿಯಿತು. ನಾಮಪತ್ರಕ್ಕೆ ಕೊನೆಯ ದಿನ ಮಾರ್ಚ್ 26, ಮತದಾನ ಏಪ್ರಿಲ್ 17. ಸಾವಿರಾರು ಕೆಲಸಗಾರರು ಗೇಟಿನ ಹೊರಗಿದ್ದ ಹೊತ್ತು, ಅದೇ ಕ್ಷೇತ್ರದಲ್ಲಿ ಪ್ರಚಾರದ ವಾಹನಗಳು ಮೈಸೂರು ರಸ್ತೆಯಲ್ಲಿ ಓಡಾಡುತ್ತಿದ್ದವು. ಬೆಳಗಾವಿಯವರು ಗಡಿಗಾಗಿ, ನಲ್ಗೊಂಡದವರು ನೀರಿಗಾಗಿ ಮತಪತ್ರವನ್ನೇ ತುಂಬಿಸಿದ ಹಾಗೆ ಬಿಡದಿಯ ಗೇಟಿನ ದೂರು ಮತಯಂತ್ರವನ್ನು ತುಂಬಲಿಲ್ಲ. ಹಳೆಯ ಐನೂರರ ಲೆಕ್ಕದಲ್ಲಿ ನೂರು ಜನರಿಗೆ ಐವತ್ತು ಸಾವಿರ ಸಾಕಿತ್ತು. ಹೊಸ ಲೆಕ್ಕದಲ್ಲಿ ಇಪ್ಪತ್ತೈದು ಲಕ್ಷ. ಆ ಹೊತ್ತಿಗೆ ಅವರಿಗೆ ತಿಂಗಳ ಸಂಬಳದ್ದೇ ಚಿಂತೆ. ಚುನಾವಣೆಯಲ್ಲಿ ಡಿ.ಕೆ. ಸುರೇಶ್ ಎರಡು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು.

2024ರಲ್ಲಿ ಇದೇ ಕ್ಷೇತ್ರದಲ್ಲಿ ಮಂಜುನಾಥ್ ಮತ್ತು ಸುರೇಶ್ ಇಬ್ಬರೇ ಸೇರಿ 18 ಲಕ್ಷಕ್ಕೂ ಹೆಚ್ಚು ಓಟು ಹಂಚಿಕೊಂಡರು. ಇಲ್ಲಿ ಠೇವಣಿ ಉಳಿಸಿಕೊಳ್ಳಲು ಮೂರು ಲಕ್ಷಕ್ಕೂ ಹೆಚ್ಚು ಓಟು ಬೇಕಿತ್ತು. ಉಳಿದ ಯಾರಿಗೂ ಅದು ದಕ್ಕಲಿಲ್ಲ. ದೇಶದಾದ್ಯಂತ ಆ ಸಲ ನಿಂತ ಪಕ್ಷೇತರರು 3,921, ಗೆದ್ದವರು 7, ಠೇವಣಿ ಕಳೆದುಕೊಂಡವರು 3,905.

ಸೋತವನ ಕೆಲಸ ಸೋಲಿನೊಂದಿಗೆ ಮುಗಿಯುವುದಿಲ್ಲ. ನಾಮಪತ್ರದ ದಿನವೇ ಅಭ್ಯರ್ಥಿಯ ಕೈಗೆ ಒಂದು ಖರ್ಚಿನ ಪುಸ್ತಕ ಕೊಡುತ್ತಾರೆ. ದಿನದ ಲೆಕ್ಕಕ್ಕೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಮೈಕಿನ ಬಾಡಿಗೆ, ಕರಪತ್ರ, ಜೊತೆಗೆ ಬಂದವರ ಚಹಾ, ಎಲ್ಲಕ್ಕೂ ರಸೀದಿ. ದೊಡ್ಡ ಪಕ್ಷದವರಿಗೆ ಇದನ್ನು ಬರೆಯಲು ಲೆಕ್ಕಪರಿಶೋಧಕರಿರುತ್ತಾರೆ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಒಪ್ಪಿಸದಿದ್ದರೆ, ಸರಿಯಾದ ಕಾರಣವಿಲ್ಲದಿದ್ದರೆ, ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸಾವಿರ ರೂಪಾಯಿ ಖರ್ಚು ಮಾಡಿದವನಿಗೂ ಮಿತಿಯ 95 ಲಕ್ಷದ ಹತ್ತಿರ ಹೋದವನಿಗೂ ಒಂದೇ ಪುಸ್ತಕ, ಒಂದೇ ಗಡುವು. ಹೀಗೆ ಅನರ್ಹರಾದವರ ಪಟ್ಟಿಗಳಲ್ಲಿ ಪಕ್ಷೇತರರದ್ದೇ ಸಾಲು.

2024ರ ಏಪ್ರಿಲ್ 26ರ ಶುಕ್ರವಾರ, ಮತದಾನದ ದಿನ, ಬಿಡದಿಯ ಕೈಗಾರಿಕಾ ಪ್ರದೇಶದ ಕೆಲಸಗಾರರಿಗೆ 135ಬಿ ಪ್ರಕಾರ ಸಂಬಳ ಸಹಿತ ರಜೆ. ಅದೇ ಕೆಲಸಗಾರ ಅಭ್ಯರ್ಥಿಯಾದರೆ ಹತ್ತು ಸೂಚಕರ ಸಹಿ ಹಾಕಿಸಲು ಒಂದು ದಿನ, ನೋಟರಿ ಮತ್ತು ಬ್ಯಾಂಕಿಗೆ ಒಂದು ದಿನ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ ನಾಮಪತ್ರ ಕೊಡಲು ಒಂದು ದಿನ, ಪರಿಶೀಲನೆಗೆ ಒಂದು, ಗುರುತು ಹಂಚುವಾಗ ಒಂದು, ಖರ್ಚಿನ ಪುಸ್ತಕ ತೋರಿಸಲು ಮೂರು ಸಲ, ಎಣಿಕೆಗೆ ಒಂದು, ಕೊನೆಗೆ ಬಿಳಿ, ಗುಲಾಬಿ, ಹಳದಿ ಹಾಳೆಗಳನ್ನು ಹಿಡಿದು ರಾಮನಗರಕ್ಕೆ ಇನ್ನೊಂದು ದಿನ. ಆ ಯಾವ ದಿನಕ್ಕೂ 135ಬಿ ಅನ್ವಯಿಸುವುದಿಲ್ಲ.